ರಾಡಾರ್ ಬೇಟೆಗೆ ಎಫ್-16: ಡಿಸಿಎಸ್‌ನಲ್ಲಿ ಮೊದಲ ವೈಲ್ಡ್ ವೀಸಲ್ ಹಾರಾಟ

ಕತ್ತಲಾದ ಮೇಲೆ ತೋಟದಲ್ಲಿ ಬ್ಯಾಟರಿ ಬಿಟ್ಟುಕೊಂಡು ಹುಡುಕುವವನಿಗೆ ಇಪ್ಪತ್ತು ಮಾರು ದೂರದ್ದು ಕಂಡರೆ ಹೆಚ್ಚು. ಅವನ ಬ್ಯಾಟರಿಯ ಬೆಳಕು ಮಾತ್ರ ಆಚೆ ಗುಡ್ಡದಲ್ಲಿದ್ದವರಿಗೂ ಕಾಣುತ್ತದೆ. ರಾಡಾರ್ ಬೇಟೆ ನಿಂತಿರುವುದು ಇಷ್ಟರ ಮೇಲೆ. ರಾಡಾರ್ ಬಿಟ್ಟ ಅಲೆ ವಿಮಾನಕ್ಕೆ ಬಡಿದು, ಅದರಲ್ಲಿ ಒಂದು ಚೂರು ಮರಳಿ ಬಂದರೆ ಮಾತ್ರ ರಾಡಾರಿಗೆ ವಿಮಾನ ಕಾಣುತ್ತದೆ. ವಿಮಾನದಲ್ಲಿರುವ ರಿಸೀವರಿಗೆ ಹೋಗುವ ದಾರಿಯ ಅಲೆಯೊಂದೇ ಸಾಕು. ಹಾಗಾಗಿ ರಾಡಾರ್ ನಿಮ್ಮನ್ನು ಕಾಣುವ ಎಷ್ಟೋ ಮೊದಲೇ ನೀವು ಅದನ್ನು ಕೇಳಿಸಿಕೊಂಡಿರುತ್ತೀರಿ.

1965ರ ಜುಲೈ 24ರಂದು ವಿಯೆಟ್ನಾಂನಲ್ಲಿ, ನೆಲದ ರಾಡಾರ್ ದಾರಿ ತೋರಿಸುವ ಸೋವಿಯತ್ ಎಸ್-75 ಕ್ಷಿಪಣಿ ಅಮೆರಿಕದ ಎಫ್-4ಸಿ ಒಂದನ್ನು ಕೆಡವಿತು. ಅದಾದ ಐದು ತಿಂಗಳೊಳಗೆ, ಡಿಸೆಂಬರ್ 22ರಂದು, ರಾಡಾರ್ ಹುಡುಕುವ ರಿಸೀವರ್ ಕಟ್ಟಿದ್ದ ಎರಡು ಸೀಟಿನ ಎಫ್-100ಎಫ್‌ನಲ್ಲಿ ಅಲೆನ್ ಲ್ಯಾಂಬ್ ಮತ್ತು ಜ್ಯಾಕ್ ಡೊನೊವನ್ ಮೊದಲ ಕ್ಷಿಪಣಿ ನೆಲೆಯನ್ನು ಪತ್ತೆ ಹಚ್ಚಿ ಹೊಡೆಸಿದರು. ಹುಲಿ ಬೇಟೆಯಲ್ಲಿ ಕಟ್ಟುವ ಕುರಿಯೂ ತಾನೇ, ಕೋವಿ ಹಿಡಿದು ಮಚಾನಿನಲ್ಲಿ ಕೂತವನೂ ತಾನೇ: ಆ ವಿಮಾನಗಳ ಪಾಡು ಹಾಗಿತ್ತು. ಈ ಕೆಲಸಕ್ಕೆ ಬಿದ್ದ ಹೆಸರು ವೈಲ್ಡ್ ವೀಸಲ್. ಎಫ್-105, ಎಫ್-4ಜಿ ದಾಟಿ ಅದು ಇವತ್ತು ಎಫ್-16ರ ಹೆಗಲ ಮೇಲಿದೆ.

ಡಿಜಿಟಲ್ ಕಾಂಬ್ಯಾಟ್ ಸಿಮ್ಯುಲೇಟರ್, ಅಂದರೆ ಡಿಸಿಎಸ್ ಎಂಬ ಯುದ್ಧವಿಮಾನ ಹಾರಿಸುವ ಕಂಪ್ಯೂಟರ್ ಆಟ, ಇದನ್ನು ಮನೆಯಲ್ಲಿ ಕೂತು ಕಲಿಯಲು ಒಳ್ಳೆಯ ಜಾಗ. ಈ ಕೆಲಸ ಕಲಿಯುವವರು ಸಾಮಾನ್ಯವಾಗಿ ಒಂದು ತಪ್ಪು ಮಾಡುತ್ತಾರೆ: ಎಷ್ಟು ರಾಡಾರ್ ಸುಟ್ಟೆ ಎಂದು ಲೆಕ್ಕ ಇಡುತ್ತಾರೆ. ಇಡಬೇಕಾದ ಲೆಕ್ಕ ಸೆಕೆಂಡಿನದು. ಹಿಂದೆ ಬಾಂಬ್ ಹೊತ್ತು ಬರುವ ನಮ್ಮವರು ಅಪಾಯದ ವರ್ತುಲದೊಳಗೆ, ಅಂದರೆ ನೆಲೆಯ ಕ್ಷಿಪಣಿ ಮುಟ್ಟುವಷ್ಟು ದೂರದೊಳಗೆ, ಇರುವಷ್ಟು ಹೊತ್ತು ಆ ರಾಡಾರ್ ಬಾಯಿ ಮುಚ್ಚಿರಬೇಕು. ಅದು ಸತ್ತು ಮುಚ್ಚಿತೋ ಹೆದರಿ ಮುಚ್ಚಿತೋ, ಆ ಹೊತ್ತಿಗೆ ಎರಡೂ ಒಂದೇ.

ಮೈಲಿ ಎಂದು ಬರೆದಲ್ಲೆಲ್ಲ ನಾಟಿಕಲ್ ಮೈಲಿ ಎಂದೇ ಓದಿಕೊಳ್ಳಿ; ಒಂದಕ್ಕೆ 1.852 ಕಿ.ಮೀ.

ಬೇಕಾದ ಸಾಮಾನು

ಡಿಸಿಎಸ್ ಮೂಲ ಕಾರ್ಯಕ್ರಮವೂ ಕಾಕಸಸ್ ನಕ್ಷೆಯೂ ಉಚಿತ. ಎಫ್-16ಸಿ ಮಾಡ್ಯೂಲಿಗೆ ದುಡ್ಡು ಕೊಡಬೇಕು, ಆದರೆ 14 ದಿನದ ಉಚಿತ ಪ್ರಯೋಗ ಸಿಗುತ್ತದೆ. ಈ ಪಾಠವನ್ನು ಆ 14 ದಿನದಲ್ಲಿ ಮುಗಿಸಬಹುದು, ಹಾಗಾಗಿ ಮೊದಲೇ ಖರೀದಿಗೆ ಓಡಬೇಡಿ. ಕಂಪ್ಯೂಟರಿಗೆ 32 ಜಿಬಿ ರ‍್ಯಾಮ್ ಇರಲಿ, ಆಟವನ್ನು ಎಸ್‌ಎಸ್‌ಡಿ ಮೇಲೇ ಹಾಕಿ. ಹಾರ್ಡ್ ಡಿಸ್ಕ್ ಮೇಲೆ ಹಾಕಿದರೆ ನೆಲದ ಚಿತ್ರ ಲೋಡ್ ಆಗುವಾಗ ತಡವರಿಸುತ್ತದೆ, ಅದೂ ಸರಿಯಾಗಿ ಕ್ಷಿಪಣಿ ತಪ್ಪಿಸಿಕೊಳ್ಳಲು ಕೆಳಗೆ ಇಳಿದಾಗ.

ಜಾಯ್‌ಸ್ಟಿಕ್ ಇಲ್ಲದೆ ಈ ಕೆಲಸ ಆಗದು. ದುಬಾರಿಯದೇ ಬೇಕೆಂದಿಲ್ಲ. 12 ಬಟನ್, ಹೆಬ್ಬೆರಳಿಂದ ದಿಕ್ಕುದಿಕ್ಕಿಗೆ ತಳ್ಳುವ ಒಂದು ಹ್ಯಾಟ್, ತಿರುಚುವ ಹಿಡಿ ಇರುವ ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಸಾಕು. ಬಟನ್ ಹಂಚಿಕೆಯಲ್ಲೇ ಅರ್ಧ ಗೆಲುವು ಇರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುವುದು ಒಳ್ಳೆಯದು. ಹ್ಯಾಟ್‌ನ ನಾಲ್ಕು ದಿಕ್ಕಿಗೆ ಟಿಎಂಎಸ್ ಕೊಡಿ. ಗುರಿ ಹಿಡಿಯುವುದು, ಬಿಡುವುದು ಎಲ್ಲ ಇದರಿಂದಲೇ. ಹಿಡಿಯ ಬದಿಯ ಹೆಬ್ಬೆರಳ ಬಟನ್ನನ್ನು ಮಾಡಿಫೈಯರ್ ಎಂದು ಸೇರಿಸಿ. ಅದನ್ನು ಒತ್ತಿ ಹಿಡಿದು ಹ್ಯಾಟ್ ತಳ್ಳಿದರೆ ಡಿಎಂಎಸ್ ಆಗಲಿ. ಯಾವ ಪರದೆ ನಿಮ್ಮ ಹಿಡಿತದಲ್ಲಿದೆ ಎಂಬುದನ್ನು ಇದು ಬದಲಿಸುತ್ತದೆ. ಹಿಡಿಯ ತಲೆಯ ಮೇಲಿನ ನಾಲ್ಕು ಬಟನ್‌ಗಳಲ್ಲಿ ಒಂದು ವೆಪನ್ ರಿಲೀಸ್, ಒಂದು ಚ್ಯಾಫ್ (ರಾಡಾರಿಗೆ ಮಂಕುಬೂದಿ ಎರಚುವ ಚೂರುಗಳು) ಬಿಡುವ ಸಿಎಂಎಸ್, ಒಂದು ಮಿಸೈಲ್ ಸ್ಟೆಪ್, ಒಂದು ಪರದೆಯ ನೋಟ ಬದಲಿಸುವ ಪಿಂಕಿ. ಬುಡದಲ್ಲಿರುವ ಆರು ಬಟನ್‌ಗಳಲ್ಲಿ ನಾಲ್ಕನ್ನು ಕರ್ಸರ್ ಓಡಿಸಲು ಇಟ್ಟುಕೊಳ್ಳಿ. ತಿರುಚುವ ಅಕ್ಷಕ್ಕೆ 5ರಷ್ಟು ಡೆಡ್‌ಝೋನ್ (ಸಣ್ಣ ಅಲುಗಾಟ ಲೆಕ್ಕಕ್ಕೆ ಬಾರದ ನಡುಜಾಗ) ಹಾಕಿ, ಇಲ್ಲವಾದರೆ ರಡ್ಡರ್ ತಾನೇ ಅಲುಗುತ್ತಿರುತ್ತದೆ.

ತಲೆ ತಿರುಗಿಸಿ ನೋಡಲು ಓಪನ್‌ಟ್ರ್ಯಾಕ್ ಎಂಬ ಉಚಿತ ತಂತ್ರಾಂಶವೂ ಸಾಧಾರಣ ವೆಬ್‌ಕ್ಯಾಮೂ ಸಾಕಾಗುತ್ತದೆ. ಕ್ಷಿಪಣಿ ಎಲ್ಲಿಂದ ಏಳುತ್ತಿದೆ ಎಂದು ಕಣ್ಣಾರೆ ನೋಡಲೇಬೇಕಾದ ಕ್ಷಣ ಬರುತ್ತದೆ, ಆಗ ಇದು ಉಪಕಾರಕ್ಕೆ ಬರುತ್ತದೆ.

ಎದುರಾಳಿಯನ್ನು ನೀವೇ ಕಟ್ಟಿ

ಸಿದ್ಧ ಮಿಷನ್‌ಗಿಂತ ಮಿಷನ್ ಎಡಿಟರ್‌ನಲ್ಲಿ ನೀವೇ ಕಟ್ಟಿದ ನೆಲೆಯಿಂದ ಕಲಿಯುವುದು ಹೆಚ್ಚು. ಮೊದಲ ಎದುರಾಳಿಯಾಗಿ ಎಸ್-75ನ್ನೇ ಆರಿಸಿ. ನೇಟೋ ಹೆಸರು ಎಸ್‌ಎ-2. ಹತ್ತೂವರೆ ಮೀಟರಿಗೂ ಉದ್ದದ ಅದರ ಕ್ಷಿಪಣಿ ಏಳುವಾಗ ಧೂಳೆಬ್ಬಿಸುತ್ತದೆ, ಹೊಗೆ ಬಿಡುತ್ತದೆ, ಕಣ್ಣಿಗೆ ಬೀಳುತ್ತದೆ. ಕಲಿಯುವವರಿಗೆ ಅಷ್ಟು ಸುಳಿವು ಬೇಕು. ಎಸ್-75, ಎಸ್-125 ಪೆಚೋರಾ ಎರಡೂ ನಮ್ಮ ವಾಯುಪಡೆಯಲ್ಲಿ ದುಡಿದವು. ವಾಯುನೆಲೆಗಳ ಸುತ್ತ ಪೆಚೋರಾ ಕಾವಲಿದ್ದದ್ದನ್ನು ನೆನಪಿಟ್ಟರೆ ಈ ಯಂತ್ರಗಳು ತೀರ ಪರಕೀಯ ಅನ್ನಿಸುವುದಿಲ್ಲ.

ಕಾಕಸಸ್ ನಕ್ಷೆಯಲ್ಲಿ ಕಪ್ಪು ಸಮುದ್ರದ ದಡದ ಸುಖುಮಿ ವಿಮಾನ ನಿಲ್ದಾಣದ ಪಕ್ಕ ಕೆಂಪು ಪಕ್ಷದ ಒಂದು ಗುಂಪು ಇಡಿ: ಕ್ಷಿಪಣಿಗೆ ದಾರಿ ತೋರಿಸುವ ಒಂದು ಎಸ್‌ಎನ್‌ಆರ್-75 ರಾಡಾರ್, ಒಂದು ಪಿ-19 ಹುಡುಕು ರಾಡಾರ್, ಆರು ಲಾಂಚರ್. ಲಾಂಚರ್‌ಗಳನ್ನು ಎಸ್‌ಎನ್‌ಆರ್-75 ಸುತ್ತ ಆರು ಮೂಲೆಯಾಗಿ ಕೂರಿಸಿ, ನಿಜವಾದ ನೆಲೆಗಳೂ ಹಾಗೇ ಇರುತ್ತಿದ್ದವು. ಎಲ್ಲವೂ ಒಂದೇ ಗುಂಪಿನಲ್ಲಿರಬೇಕು. ರಾಡಾರ್ ಒಂದು ಗುಂಪು, ಲಾಂಚರ್ ಇನ್ನೊಂದು ಗುಂಪು ಮಾಡಿದರೆ ನೆಲೆ ಮೂಕವಾಗಿ ಕೂರುತ್ತದೆ, ನಿಮ್ಮ ರಿಸೀವರ್ ಕೆಟ್ಟಿದೆಯೆಂದು ನೀವು ಅರ್ಧ ದಿನ ತಲೆ ಕೆಡಿಸಿಕೊಳ್ಳುತ್ತೀರಿ. ಗುಂಪಿನ ಮೊದಲ ವೇಪಾಯಿಂಟ್‌ನಲ್ಲಿ (ದಾರಿಯ ಗುರುತು) ಅಲಾರ್ಮ್ ಸ್ಟೇಟ್, ಅಂದರೆ ಎಚ್ಚರದ ಮಟ್ಟ, ರೆಡ್ ಮಾಡಿ.

ನೆಲೆ ಇಟ್ಟೊಡನೆ ನಕ್ಷೆಯಲ್ಲಿ ವರ್ತುಲ ಬರುತ್ತದೆ. ಅಳತೆ ಪಟ್ಟಿಯಿಂದ ಅದರ ತ್ರಿಜ್ಯ ಅಳೆದು ಕಾಗದದ ಮೇಲೆ ಬರೆದುಕೊಳ್ಳಿ. ಎಸ್-75ಕ್ಕೆ ಸುಮಾರು 23 ಮೈಲಿ, ಅಂದರೆ 43 ಕಿ.ಮೀ. ಆಸುಪಾಸು. ಈ ಒಂದು ಸಂಖ್ಯೆಯ ಮೇಲೆ ಮುಂದಿನ ಎಲ್ಲ ಲೆಕ್ಕ ನಿಲ್ಲುತ್ತದೆ.

ನಿಮ್ಮ ಎಫ್-16ನ್ನು ಬಟುಮಿಯಲ್ಲಿ, ಎಂಜಿನ್ ಓಡುತ್ತಿರುವ ಸ್ಥಿತಿಯಲ್ಲಿ ಇಡಿ. ಅಲ್ಲಿಂದ ಸುಖುಮಿಗೆ ಸುಮಾರು 80 ಮೈಲಿ, ದಾರಿಯೆಲ್ಲ ಸಮುದ್ರ. ಅಡಗಿಕೊಳ್ಳಲು ಗುಡ್ಡ ಇಲ್ಲದಿರುವುದೇ ಈ ದಾರಿ ಆರಿಸಲು ಕಾರಣ, ಮೊದಲು ಎತ್ತರದಿಂದ ಹೊಡೆಯುವುದನ್ನು ಕಲಿಯಬೇಕು. ವಿಮಾನದ ದಾರಿಯ ಗುರುತುಗಳಾದ ಸ್ಟಿಯರ್‌ಪಾಯಿಂಟ್‌ಗಳಲ್ಲಿ ಎರಡನೆಯದು ನೆಲೆಯಿಂದ 45 ಮೈಲಿ ದಕ್ಷಿಣಕ್ಕೆ, ಮೂರನೆಯದು ಸರಿಯಾಗಿ ಎಸ್‌ಎನ್‌ಆರ್-75 ಮೇಲೆ, ನೆಲಮಟ್ಟಕ್ಕೆ. ಮೂರನೆಯದನ್ನು ಆಕಾಶದಲ್ಲೇ ತೇಲಲು ಬಿಡುವುದು ತುಂಬ ಜನ ಮಾಡುವ ತಪ್ಪು.

ಹೊರೆ ಹೀಗಿರಲಿ: 3 ಮತ್ತು 7ನೇ ಸ್ಟೇಷನ್‌ಗೆ (ಆಯುಧ ತೂಗುಹಾಕುವ ಜಾಗ) ರಾಡಾರ್ ಅಲೆಯ ಜಾಡು ಹಿಡಿದು ಹೋಗುವ ಎಜಿಎಂ-88ಸಿ ಹಾರ್ಮ್ ಕ್ಷಿಪಣಿ ಒಂದೊಂದು, 4 ಮತ್ತು 6ಕ್ಕೆ 370 ಗ್ಯಾಲನ್ ಟ್ಯಾಂಕ್, ರೆಕ್ಕೆ ತುದಿಗೆ ಎಐಎಂ-120, ಅದರ ಒಳಗೆ ಎಐಎಂ-9ಎಕ್ಸ್, ಹೊಟ್ಟೆಯ ಕೆಳಗೆ ಎಎಲ್‌ಕ್ಯು-184 ಜ್ಯಾಮರ್, ಗಾಳಿ ಸೇದುವ ಬಾಯಿಯ ಎಡಪಕ್ಕ ರಾಡಾರ್ ಹುಡುಕುವ ಎಚ್‌ಟಿಎಸ್ ಪಾಡ್, ಬಲಪಕ್ಕ ಟಾರ್ಗೆಟಿಂಗ್ ಪಾಡ್. ಇಂಧನ ಒಟ್ಟು ಸುಮಾರು 12,000 ಪೌಂಡ್ ಆಗುತ್ತದೆ. ಬಿಂಗೊ, ಅಂದರೆ ವಾಪಸು ಹೊರಡಲೇಬೇಕಾದ ಇಂಧನದ ಮಟ್ಟ, 3,500ಕ್ಕೆ ಇಟ್ಟರೆ ಧೈರ್ಯವಾಗಿ ವಾಪಸಾಗಬಹುದು. ಪೈಲಟ್ ಎದುರಿನ ಗುಂಡಿ ಫಲಕವಾದ ಐಸಿಪಿಯಲ್ಲಿ ಲಿಸ್ಟ್, ನಂತರ 2 ಒತ್ತಿ ಅದನ್ನು ತುಂಬಬೇಕು.

ನೆಲದ ಮೇಲಿರುವಾಗಲೇ ಮುಗಿಸಬೇಕಾದದ್ದು

1. ಬಲಗೈ ಪಕ್ಕದ ಸೆನ್ಸರ್ ಪವರ್ ಫಲಕದಲ್ಲಿ ಎಡ ಹಾರ್ಡ್‌ಪಾಯಿಂಟ್ ಸ್ವಿಚ್ ಆನ್ ಮಾಡಿ. ಎಚ್‌ಟಿಎಸ್ ಪಾಡಿಗೆ ವಿದ್ಯುತ್ ಹೋಗುವುದು ಅಲ್ಲಿಂದ. "ಪಾಡ್ ಹಾಕಿದ್ದೇನೆ, ಏನೂ ಕಾಣುತ್ತಿಲ್ಲ" ಎನ್ನುವ ದೂರಿಗೆ ಹೆಚ್ಚಿನ ಸಲ ಕಾರಣ ಈ ಸ್ವಿಚ್.

2. ಚ್ಯಾಫ್-ಫ್ಲೇರ್ ಬಿಡುವ ಸಿಎಂಡಿಎಸ್ ಫಲಕದಲ್ಲಿ ಆರ್‌ಡಬ್ಲ್ಯುಆರ್ (ರಾಡಾರ್ ಎಚ್ಚರಿಕೆ ರಿಸೀವರ್), ಜ್ಯಾಮರ್, ಚ್ಯಾಫ್, ಫ್ಲೇರ್ ನಾಲ್ಕನ್ನೂ ಆನ್ ಮಾಡಿ ಮೋಡ್ ಅನ್ನು ಮ್ಯಾನ್‌ಗೆ ತಿರುಗಿಸಿ. ಇರುವುದು 60 ಚ್ಯಾಫ್, 60 ಫ್ಲೇರ್. ಆಟೊ ಮೋಡಿಗೆ ಬಿಟ್ಟರೆ ಚ್ಯಾಫ್ ಬೇಗ ಖಾಲಿ.

3. ಹೊರೆಗೆ ತಕ್ಕಂತೆ ವಿಮಾನದ ಎಳೆತಕ್ಕೆ ಮಿತಿ ಹಾಕುವ ಸ್ಟೋರ್ಸ್ ಕಾನ್ಫಿಗ್ ಸ್ವಿಚ್ ಅನ್ನು ಕ್ಯಾಟ್ 3ಕ್ಕೆ ಹಾಕಿ. ಟ್ಯಾಂಕೂ ಹಾರ್ಮೂ ಹೊತ್ತಾಗ ಕ್ಯಾಟ್ 1ರಲ್ಲಿ ಜೋರಾಗಿ ಎಳೆದರೆ ವಿಮಾನ ಹಿಡಿತ ತಪ್ಪಬಹುದು.

4. ಆಯುಧಗಳ ಪರದೆಯಾದ ಎಸ್‌ಎಂಎಸ್‌ನ ಎಸ್-ಜೆ (ಆರಿಸಿ ಬಿಸಾಡುವ) ಪುಟದಲ್ಲಿ ಎರಡು ಟ್ಯಾಂಕ್‌ಗಳನ್ನು ಮಾತ್ರ ಆರಿಸಿಡಿ. ಗಾಬರಿಯಲ್ಲಿ ಹೊರೆ ಬಿಸಾಡುವ ತುರ್ತು ಜೆಟಿಸನ್ ಗುಂಡಿ ಒತ್ತಿದರೆ ಟ್ಯಾಂಕಿನ ಜೊತೆ ಹಾರ್ಮ್‌ಗಳೂ ಸಮುದ್ರಕ್ಕೆ ಬೀಳುತ್ತವೆ.

5. ಹಾರ್ಮ್ ಪಟ್ಟಿ ನೋಡಿ. ಲಿಸ್ಟ್, ನಂತರ 0, ಮತ್ತೆ 0 ಒತ್ತಿ ಹಾರ್ಮ್ ಪುಟಕ್ಕೆ ಹೋದರೆ ಮೂರು ಪಟ್ಟಿಗಳಿವೆ, ಒಂದೊಂದರಲ್ಲಿ ಐದೈದು ರಾಡಾರ್ ಸಂಕೇತ. ಎಸ್‌ಎನ್‌ಆರ್-75ರದು 126, ಪೆಚೋರಾದ ಎಸ್‌ಎನ್‌ಆರ್-125ರದು 123, ಕುಬ್ ಎಂಬ ಇನ್ನೊಂದು ಕ್ಷಿಪಣಿ ವ್ಯವಸ್ಥೆಯದು 108, ಪಿ-19ರದು 122. ಇವತ್ತಿನ ಕೆಲಸಕ್ಕೆ ಒಂದನೇ ಪಟ್ಟಿಯ ಮೊದಲ ಸಾಲಲ್ಲಿ 126 ಇರಲಿ.

ಐದನೆಯದರ ಮಹತ್ವ ಹೇಳಲೇಬೇಕು. ಹಾರ್ಮ್ ಕ್ಷಿಪಣಿ ಪಟ್ಟಿಯಲ್ಲಿರುವ ರಾಡಾರನ್ನು ಮಾತ್ರ ಹುಡುಕುತ್ತದೆ. ಪಟ್ಟಿಯಲ್ಲಿಲ್ಲದ ರಾಡಾರ್ ಎದುರೇ ಕಿರುಚುತ್ತಿದ್ದರೂ ಅದಕ್ಕೆ ಕಿವುಡು. ಪಟ್ಟಿ ಉದ್ದವಾದಷ್ಟೂ ಒಂದು ಸುತ್ತು ಹುಡುಕಲು ಹೆಚ್ಚು ಸೆಕೆಂಡು ಬೇಕು, ಆದ್ದರಿಂದ ಬೇಡದ ಸಂಕೇತಗಳನ್ನು ಹುಡುಕಾಟದಿಂದ ತೆಗೆದುಹಾಕುವ ರೂಢಿ ಮಾಡಿಕೊಳ್ಳಿ. ನಿಜ ಜಗತ್ತಿನಲ್ಲೂ ಇಂಥ ಸಂಕೇತ ಭಂಡಾರಕ್ಕೆ ಭಾರಿ ಬೆಲೆ. ನಮ್ಮ ವಾಯುಪಡೆಯ ತರಂಗ್ ಎಂಬ ಎಚ್ಚರಿಕೆ ರಿಸೀವರ್ ರೂಪುಗೊಂಡದ್ದು ಬೆಂಗಳೂರಿನ ಡೇರ್ ಪ್ರಯೋಗಾಲಯದಲ್ಲಿ. ಹಾರ್ಮ್ ಜಾತಿಯದೇ ಆದ ನಮ್ಮ ರುದ್ರಂ-1 ಕ್ಷಿಪಣಿ 2020ರ ಅಕ್ಟೋಬರ್ 9ರಂದು ಸುಖೋಯ್-30ರಿಂದ ಚಿಮ್ಮಿತ್ತು.

ಸೆಕೆಂಡಿನ ಲೆಕ್ಕ

ಮಿಷನ್‌ನಲ್ಲಿ ಇನ್ನೊಂದು ಗುಂಪು ಸೇರಿಸಿ: ಕಂಪ್ಯೂಟರ್ ಹಾರಿಸುವ, ಸುಖುಮಿಗೆ ಬಾಂಬ್ ಹಾಕುವ ನಾಲ್ಕು ವಿಮಾನ. ಗುರಿಯ ವೇಪಾಯಿಂಟ್‌ಗೆ ಹೊತ್ತು ನಿಗದಿ ಮಾಡಿ ಬೀಗ ಹಾಕಿ, 10:30:00 ಎಂದಿಟ್ಟುಕೊಳ್ಳಿ. 480 ನಾಟ್ ವೇಗ ಅಂದರೆ ನಿಮಿಷಕ್ಕೆ 8 ಮೈಲಿ. 23 ಮೈಲಿಯ ವರ್ತುಲದ ಅಂಚಿನಿಂದ ನಡುವಿಗೆ ಬರಲು ಹತ್ತಿರಹತ್ತಿರ 3 ನಿಮಿಷ, ಹೊರಗೆ ಹೋಗಲು ಇನ್ನೊಂದು 3. ಅವರು 10:27ಕ್ಕೆ ಒಳಗೆ, 10:33ಕ್ಕೆ ಹೊರಗೆ.

ಇನ್ನು ಹಾರ್ಮ್. 28,000 ಅಡಿಯಿಂದ, 28 ಮೈಲಿ ದೂರದಿಂದ ಬಿಟ್ಟರೆ ತಲುಪಲು ಸುಮಾರು ಒಂದೂವರೆ ನಿಮಿಷ ಎಂದಿಟ್ಟುಕೊಳ್ಳಿ. ಸರಿಯಾದ ಸಂಖ್ಯೆಯನ್ನು ಮೊದಲ ಹಾರಾಟದಲ್ಲಿ ನೀವೇ ಎಣಿಸಿ ತಿದ್ದಿಕೊಳ್ಳಬೇಕು. 10:27ಕ್ಕೆ ಬಡಿಯಬೇಕಾದರೆ 10:25:30ಕ್ಕೆ ಬಿಡಬೇಕು. ಆ ಹೊತ್ತಿಗೆ ನೀವು 28 ಮೈಲಿಯಲ್ಲಿ, ಮೂತಿ ನೆಲೆಯತ್ತ ಇಟ್ಟು ಹಾರುತ್ತಿರಬೇಕು. 45 ಮೈಲಿಯ ಕಾಯುವ ಜಾಗದಿಂದ 28ಕ್ಕೆ ಬರಲು 17 ಮೈಲಿ, ಅಂದರೆ ಎರಡು ನಿಮಿಷ ಚಿಲ್ಲರೆ. ಕಾಯುವ ಸುತ್ತಿನಿಂದ 10:23:20ಕ್ಕೆ ಹೊರಡಿ.

ಆರು ನಿಮಿಷದ ಬಾಗಿಲು, ಕೈಯಲ್ಲಿರುವುದು ಎರಡು ಕ್ಷಿಪಣಿ. ಎರಡನ್ನೂ ಒಟ್ಟಿಗೆ ಬಿಟ್ಟು ಹಗುರಾಗುವ ಆಸೆ ಬರುತ್ತದೆ. ಬಿಡಬೇಡಿ. ಎರಡನೆಯದು ರೆಕ್ಕೆಯಲ್ಲಿ ಇರುವ ತನಕ ನೀವು ಆ ನೆಲೆಗೆ ಬೆದರಿಕೆ, ಅದೂ ಹೋಯಿತೆಂದರೆ ನೀವು ಬರಿಯ ಪ್ರೇಕ್ಷಕ.

ಬಿಡುವ ಕ್ರಮ

ಹಾರ್ಮ್‌ಗೆ ಮೂರು ದಾರಿ. ಪಾಸ್: ರಾಡಾರ್ ಇರುವ ಜಾಗ ಗೊತ್ತಿದ್ದಾಗ ಸ್ಟಿಯರ್‌ಪಾಯಿಂಟ್ ಮೇಲೆ ಕಳಿಸುವುದು. ಹ್ಯಾಸ್: ಕ್ಷಿಪಣಿಯ ಮೂತಿಯೇ ಎದುರಿನ ರಾಡಾರ್ ಹುಡುಕಿ ತೋರಿಸುವುದು. ಹ್ಯಾಡ್: ಎಚ್‌ಟಿಎಸ್ ಪಾಡ್ ಹುಡುಕಿ ನಕ್ಷೆಯಂತೆ ಪರದೆ ಮೇಲೆ ಇಡುವುದು. ಕೊನೆಗೆ ಎಲ್ಲರೂ ಹ್ಯಾಡ್‌ಗೇ ಒಗ್ಗಿಕೊಳ್ಳುತ್ತಾರೆ, ಆದರೂ ಕಲಿಕೆ ಹ್ಯಾಸ್‌ನಿಂದ ಶುರುವಾಗಲಿ. ಕ್ಷಿಪಣಿಗೆ ಏನು ಕೇಳುತ್ತದೆ, ಏನು ಕೇಳುವುದಿಲ್ಲ ಎಂದು ತಿಳಿಯುವುದು ಅಲ್ಲೇ.

ಕಾಯುವ ಸುತ್ತಿನಲ್ಲೇ ಐಸಿಪಿಯ ಎ-ಜಿ ಒತ್ತಿ, ಎಸ್‌ಎಂಎಸ್‌ನಲ್ಲಿ ಎಜಿ88 ಆರಿಸಿ ಪವರ್ ಆನ್ ಮಾಡಿ. ಕ್ಷಿಪಣಿಯ ನೋಟ ತೋರಿಸುವ ಡಬ್ಲ್ಯುಪಿಎನ್ ಪುಟ ತೆರೆದು ಮೇಲಂಚಿನಲ್ಲಿ ಹ್ಯಾಸ್ ಇದೆಯೇ, ಪಟ್ಟಿ ಒಂದೇ ಇದೆಯೇ ನೋಡಿ. ಡಿಎಂಎಸ್ ಕೆಳಗೆ ತಳ್ಳಿ ಆ ಪುಟವನ್ನು ಹಿಡಿತಕ್ಕೆ ತನ್ನಿ. ಆಯುಧಗಳನ್ನು ಸಜ್ಜು ಮಾಡುವ ಮಾಸ್ಟರ್ ಆರ್ಮ್ ಸ್ವಿಚ್ ಮೇಲಕ್ಕೆ ಹಾಕಿ.

ಮೂತಿ ನೆಲೆಯತ್ತ ತಿರುಗಿದ ಮೇಲೆ ಪರದೆಯಲ್ಲಿ ಎಸ್‌ಎ-2ನ್ನು ಸೂಚಿಸುವ "2" ಎಂಬ ಗುರುತು ಮೂಡುತ್ತದೆ. ಮೊದಲು ಅಗಲ ನೋಟ ಇರುತ್ತದೆ. ಗುರುತು ಬಂದ ಮೇಲೆ ಸೆಂಟರ್ ನೋಟಕ್ಕೆ ಬದಲಿಸಿದರೆ ಹುಡುಕಾಟದ ಸುತ್ತು ಚುರುಕಾಗುತ್ತದೆ. ಕರ್ಸರ್ ಅನ್ನು ಗುರುತಿನ ಮೇಲೆ ತಂದು ಟಿಎಂಎಸ್ ಮೇಲಕ್ಕೆ. ಉಳಿದ ಗುರುತುಗಳು ಮಾಯವಾಗಿ ಆ ಒಂದೇ ಉಳಿದರೆ ಕ್ಷಿಪಣಿಗೆ ಗುರಿ ಸಿಕ್ಕಿದೆ. ಗಡಿಯಾರ 10:25:30 ತೋರಿಸುವಾಗ ರಿಲೀಸ್ ಒತ್ತಿ, ಒತ್ತಿಯೇ ಇರಿ. ತಟ್ಟಿ ಬಿಟ್ಟರೆ ಕ್ಷಿಪಣಿ ಹೋಗುವುದಿಲ್ಲ, ಹೊಸಬರು ಇದನ್ನೇ ಕ್ಷಿಪಣಿ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಗೆಳೆಯರ ಜೊತೆ ಹಾರುತ್ತಿದ್ದರೆ ರೇಡಿಯೊದಲ್ಲಿ ಹೇಳಬೇಕಾದ ಮಾತು "ಮ್ಯಾಗ್ನಮ್".

ಹಾರ್ಮ್‌ಗೆ ಆಮೇಲೆ ನಿಮ್ಮ ನೆರವು ಬೇಡ. ಕೂಡಲೇ 90 ಡಿಗ್ರಿ ತಿರುಗಿ ನೆಲೆಯನ್ನು ರೆಕ್ಕೆಯ ತುದಿಗೆ ತನ್ನಿ, 26ರಿಂದ 30 ಮೈಲಿಯ ನಡುವೆ ಕಮಾನಾಗಿ ಹಾರುತ್ತಿರಿ. ಬೆನ್ನು ತೋರಿಸಿ ಓಡಬೇಡಿ; ಎರಡನೆಯದನ್ನು ಬಿಡಬೇಕಾದಾಗ ಪೂರ್ತಿ ಅರ್ಧ ಸುತ್ತು ತಿರುಗಬೇಕಾಗುತ್ತದೆ, ಅಷ್ಟರಲ್ಲಿ ಅರ್ಧ ನಿಮಿಷ ಹೋಗಿರುತ್ತದೆ. ಕಿವಿ ಆರ್‌ಡಬ್ಲ್ಯುಆರ್ ಕಡೆ ಇರಲಿ. ಅದರ ಗಾಜಿನ ಮೇಲೆ ನಡುವಿಗೆ ಹತ್ತಿರವಾದ ಗುರುತು ಹೆಚ್ಚು ಅಪಾಯದ್ದು, ಅದನ್ನು ದೂರದ ಅಳತೆ ಎಂದುಕೊಳ್ಳಬೇಡಿ. ಒಂದೂವರೆ ನಿಮಿಷದ ಸುಮಾರಿಗೆ "2" ಅಳಿಸಿಹೋಗಬೇಕು.

ಅಳಿಸಿದ ಮೇಲೇ ತಾಳ್ಮೆ ಬೇಕಾಗುವುದು. ರಾಡಾರ್ ಸತ್ತಿರಬಹುದು, ಸ್ವಿಚ್ ಆಫ್ ಆಗಿರಲೂಬಹುದು. 1999ರಲ್ಲಿ ಸರ್ಬಿಯಾದ ಎಸ್-125 ಪಡೆ ರಾಡಾರನ್ನು ಕೆಲವೇ ಸೆಕೆಂಡು ಹಚ್ಚಿ ಆರಿಸುತ್ತಾ ನೇಟೋ ವಿಮಾನಗಳಿಂದ ಉಳಿದುಕೊಂಡಿತು, ಮಾರ್ಚ್ 27ರಂದು ಎಫ್-117 ಒಂದನ್ನು ಕೆಡವಿತು ಕೂಡ. ಡಿಸಿಎಸ್‌ನಲ್ಲಿ ಇಂಥ ಜಾಣತನ ತಾನಾಗಿ ಬರುವುದಿಲ್ಲ. ಗುಂಪಿಗೆ ಎವೇಶನ್ ಆಫ್ ಎಆರ್‌ಎಂ ಎಂಬ ಆಯ್ಕೆ ಕೊಡಬೇಕು, ಇಲ್ಲವೇ ಸ್ಕೈನೆಟ್ ಐಎಡಿಎಸ್ ಎಂಬ ಸ್ಕ್ರಿಪ್ಟ್ ಹಾಕಬೇಕು. ಮೊದಲ ಐದಾರು ಹಾರಾಟ ಇವಿಲ್ಲದೆ ಮಾಡಿ, ಆಮೇಲೆ ಸೇರಿಸಿ. ಆಗ ಆಟದ ಸ್ವರೂಪವೇ ಬದಲಾಗುತ್ತದೆ, ಎರಡನೇ ಕ್ಷಿಪಣಿ ಯಾಕೆ ಉಳಿಸಿಕೊಳ್ಳಬೇಕು ಎಂಬುದೂ ಗೊತ್ತಾಗುತ್ತದೆ.

ಕ್ಷಿಪಣಿ ನಿಮ್ಮತ್ತ ಬಂದರೆ

ಆರ್‌ಡಬ್ಲ್ಯುಆರ್‌ನಲ್ಲಿ "2" ಸುತ್ತ ವೃತ್ತ ಮಿನುಗಿ ಎಚ್ಚರಿಕೆ ಸದ್ದು ಬಂದರೆ ಮೊದಲು ನೆಲದತ್ತ ನೋಡಿ ಹೊಗೆಯ ಗೆರೆ ಹುಡುಕಿ. ಟ್ಯಾಂಕ್ ಬಿಸಾಡಿ, ಕ್ಯಾಟ್ 1ಕ್ಕೆ ಬನ್ನಿ. ಬಿಟ್ಟಿಲ್ಲದ ಹಾರ್ಮ್ ಇನ್ನೂ ಇದೆ ಎಂಬುದು ನೆನಪಿರಲಿ, ಎಳೆತ ಹದವಾಗಿರಲಿ. ಕ್ಷಿಪಣಿಯನ್ನು ರೆಕ್ಕೆ ತುದಿಯ ನೇರಕ್ಕೆ ತಂದು ಇಳಿಮುಖವಾಗಿ ವೇಗ ಕೂಡಿಸಿ, ಸೆಕೆಂಡಿಗೆ ಒಂದೆರಡು ಚ್ಯಾಫ್ ಬಿಡಿ.

ಕಾಕ್‌ಪಿಟ್ ಗಾಜಿನ ಮೇಲೆ ಕ್ಷಿಪಣಿ ಹಿಂದೆಯೋ ಮುಂದೆಯೋ ಜಾರುತ್ತಿದ್ದರೆ ಅದು ನಿಮಗೆ ತಗುಲದೆ ಹೋಗುತ್ತದೆ. ಒಂದೇ ಚುಕ್ಕೆಯಾಗಿ ಅಲುಗದೆ ನಿಂತು ದೊಡ್ಡದಾಗುತ್ತಿದ್ದರೆ ನಿಮಗೇ ಬರುತ್ತಿದೆ. ಆಗ ಅದರ ಉದ್ದ ಕಣ್ಣಿಗೆ ಸ್ಪಷ್ಟವಾಗುವ ತನಕ ಕಾಯ್ದು, ಅದರ ದಾರಿಗೆ ಅಡ್ಡಲಾಗಿ ಮೇಲಕ್ಕೆ ಎಳೆಯಿರಿ. ಎರಡು ಟನ್ನಿಗೂ ಮಿಕ್ಕಿದ ಆ ಕ್ಷಿಪಣಿಗೆ ಕೊನೆ ಗಳಿಗೆಯ ತಿರುವು ಕಷ್ಟ. ಬೇಗ ಎಳೆದರೆ ಅದಕ್ಕೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ, ಮೊದಲ ಸಲ ಎಲ್ಲರೂ ಬೇಗವೇ ಎಳೆಯುತ್ತಾರೆ.

ಕೆಳಗಿಳಿದು ಅಡಗುವ ಲೆಕ್ಕವೂ ತಿಳಿದಿರಲಿ. ರಾಡಾರ್ ದಿಗಂತ ಮೈಲಿಗಳಲ್ಲಿ ಬೇಕಿದ್ದರೆ ವಿಮಾನದ ಎತ್ತರದ ವರ್ಗಮೂಲಕ್ಕೆ ಆಂಟೆನಾ ಎತ್ತರದ ವರ್ಗಮೂಲ ಕೂಡಿಸಿ 1.23ರಿಂದ ಗುಣಿಸಿ, ಎತ್ತರಗಳು ಅಡಿಗಳಲ್ಲಿ. ಆಂಟೆನಾ 20 ಅಡಿ, ನೀವು 200 ಅಡಿ ಇದ್ದರೆ ಸುಮಾರು 23 ಮೈಲಿ. 100 ಅಡಿಗೆ ಇಳಿದರೆ 18 ಮೈಲಿ. ಅಂದರೆ ಬರೀ ಸಮುದ್ರದ ಮೇಲೆ 200 ಅಡಿಗೆ ಇಳಿದರೂ ಎಸ್-75ರ ವರ್ತುಲದ ಅಂಚಿನಲ್ಲಿ ಮಾತ್ರ ರಕ್ಷಣೆ, ಒಳಗೆ ಇಲ್ಲ. ಜೊತೆಗೆ ಅಷ್ಟು ಕೆಳಗಿನಿಂದ ಬಿಟ್ಟ ಹಾರ್ಮ್ ದಪ್ಪ ಗಾಳಿಯಲ್ಲಿ ಬೇಗ ದಣಿಯುತ್ತದೆ, ಎತ್ತರದಿಂದ ಸಿಗುವ ದೂರದ ಅರ್ಧವೂ ಸಿಗದು.

ಆಗಾಗ ಕಾಣುವ ಎಡವಟ್ಟು

ರಾಡಾರ್ ಸತ್ತರೂ ಕ್ಷಿಪಣಿ ಏಳುತ್ತಿದೆ ಎಂದರೆ ನೀವು ಹೊಡೆದದ್ದು ಪಿ-19. ಅದು ದೂರದಿಂದ ಹುಡುಕುವ ಕಣ್ಣಷ್ಟೆ; ಕ್ಷಿಪಣಿಗೆ ದಾರಿ ತೋರಿಸುವುದು ಎಸ್‌ಎನ್‌ಆರ್-75. ಅದನ್ನೇ ಮೊದಲು ಹೊಡೆಯಬೇಕು. ಪಾಸ್ ಮೋಡಿನಲ್ಲಿ ಬಿಟ್ಟ ಹಾರ್ಮ್ ಗುರಿ ತಪ್ಪುತ್ತಿದ್ದರೆ ಸ್ಟಿಯರ್‌ಪಾಯಿಂಟ್ ರಾಡಾರ್ ಮೇಲಿದೆಯೇ ನೋಡಿ. ಪಾಸ್‌ನ ಇಒಎಂ ಬಗೆ ಕಿರಿದಾದ ಜಾಗ ಮಾತ್ರ ಹುಡುಕುತ್ತದೆ, ಜಾಗ ಅಂದಾಜಿನದಾಗಿದ್ದರೆ ಹೆಚ್ಚು ಅಗಲ ಹುಡುಕುವ ಪಿಬಿ ಬಗೆ ಹಾಕಿ. ಹ್ಯಾಡ್ ಪರದೆಯಲ್ಲಿ ಹಳದಿ ಗುರುತು ಈಗ ಅಲೆ ಬಿಡುತ್ತಿರುವ ರಾಡಾರ್, ಹಸಿರು ಹಿಂದೆ ಕೇಳಿಸಿ ಈಗ ಸುಮ್ಮನಿರುವುದು. ಹಸಿರಿನ ಮೇಲೆ ಕ್ಷಿಪಣಿ ಖರ್ಚು ಮಾಡಬೇಡಿ.

ಹಾರಾಟ ಮುಗಿದ ಮೇಲೆ ಹಾರಾಟವನ್ನು ಮತ್ತೆ ತೋರಿಸುವ ಟ್ಯಾಕ್‌ವ್ಯೂ ಕಡತ ತೆರೆದು ಮೂರು ಹೊತ್ತು ಬರೆದುಕೊಳ್ಳಿ: ಹಾರ್ಮ್ ಬಿಟ್ಟದ್ದು, ಬಡಿದದ್ದು, ನಮ್ಮವರಲ್ಲಿ ಮೊದಲನೆಯವನು ವರ್ತುಲ ದಾಟಿದ್ದು. ಎರಡನೆಯದು ಮೂರನೆಯದಕ್ಕಿಂತ 10-15 ಸೆಕೆಂಡು ಮೊದಲಿದ್ದರೆ ಸರಿ. ಒಂದು ನಿಮಿಷ ಮೊದಲಿದ್ದರೆ ಅವಸರ, ಆಫ್ ಮಾಡಿ ಕೂತ ರಾಡಾರ್ ಮತ್ತೆ ಎದ್ದು ಕೂರಲು ಅಷ್ಟು ಸಾಕು.

ಇದು ಕೈಗೆ ಹತ್ತಿದ ಮೇಲೆ ಅದೇ ಜಾಗದಲ್ಲಿ ಎಸ್-125 ಇಡಿ, ನಂತರ ಕುಬ್ ಇಡಿ. ಕುಬ್‌ನ ವರ್ತುಲ ಚಿಕ್ಕದು, ಆದರೆ ಕ್ಷಿಪಣಿ ಚುರುಕು, ಹೊಗೆಯ ಸುಳಿವೂ ಕಡಿಮೆ. ಅದಾದ ಮೇಲೆ ನೆಲೆಯ ಪಕ್ಕ ಟೋರ್ ಎಂಬ ಕ್ಷಿಪಣಿ ಹೊತ್ತ ಒಂದು ವಾಹನ ನಿಲ್ಲಿಸಿ. ಅದು ನಿಮ್ಮ ಹಾರ್ಮನ್ನೇ ಗಾಳಿಯಲ್ಲಿ ಹೊಡೆದು ಕೆಡವುತ್ತದೆ, ಒಂದೊಂದಾಗಿ ಕಳಿಸಿದ್ದೆಲ್ಲ ವ್ಯರ್ಥ. ಇಬ್ಬರು ಮೂವರು ಸೇರಿ ಬೇರೆ ಬೇರೆ ದಿಕ್ಕಿನಿಂದ, ಎಲ್ಲವೂ ಒಂದೇ ಸೆಕೆಂಡಿಗೆ ತಲುಪುವಂತೆ ಬಿಡಬೇಕಾಗುತ್ತದೆ. ಅದಕ್ಕೆ ಬೇಕಾದ ಹಾರ್ಮ್‌ನ ಹಾರಾಟದ ಹೊತ್ತು 20, 25, 30 ಮೈಲಿಗೆ ಎಷ್ಟೆಷ್ಟು ಎಂದು ಅಷ್ಟರಲ್ಲಿ ನಿಮ್ಮ ಕಾಗದದ ಮೇಲೆ ಇರುತ್ತದೆ.